ಐದು ಮನೆ ಕೆಳಗಿನ ಹಾಡು

ಹಾಡಿನ ಮೂರನೇ ಸಾಲಿನ ಎತ್ತರದ ಸ್ವರದಲ್ಲಿ 'ಮೆಣಸು' ಎಂಬ ಗಾಯಕಿಯ ಗಂಟಲು ಕೈಕೊಟ್ಟಿತು.

ನೆಗಡಿಯಿರಲಿಲ್ಲ, ಕೆಮ್ಮಿರಲಿಲ್ಲ. ಸ್ವರ ಬರಬೇಕಾದ ಜಾಗದಲ್ಲಿ ಬರೀ ಗಾಳಿ ಬಂತು, ಅದರ ಹಿಂದೆಯೇ ಒಂದು ಸೀಳು ಸದ್ದು. ನಲವತ್ತೆರಡು ವರ್ಷದಿಂದ ಹಾಡುತ್ತಿದ್ದ ಬ್ಲೂಸ್ ಹಾಡು ಅದು. ಹೋಟೆಲಿನ ಟೆಲಿಫೋನ್ ಆಪರೇಟರ್ ಆಗಿದ್ದವಳು, ಗಾಯಕಿ ಬರಲಿಲ್ಲವೆಂದು ಒಂದು ಸಂಜೆ ಧೈರ್ಯ ಮಾಡಿ ವೇದಿಕೆ ಹತ್ತಿದಾಗ ಹಾಡಿದ್ದೂ ಅದನ್ನೇ. ಆಮೇಲೆ ಹಡಗುಗಳಲ್ಲಿ, ರೇಡಿಯೊದಲ್ಲಿ, ಮೂರು ರೆಕಾರ್ಡುಗಳಲ್ಲಿ ಹಾಡಿದ್ದಳು. ಆಳು ಕುಳ್ಳಗಿದ್ದರೂ ಮಾತು ಖಾರ ಎಂದು ಜನ ಮೆಣಸು ಅಂದರು, ಪೋಸ್ಟರಿನಲ್ಲೂ ಅದೇ ಹೆಸರು ನಿಂತಿತು. ಹಾಡಿನ ನಡುವೆ ಮುಂದಿನ ಸಾಲಿನ ಬೊಕ್ಕತಲೆಯವರನ್ನು ರೇಗಿಸಿ ಇಡೀ ಸಭೆಯನ್ನು ನಗಿಸುವುದರಲ್ಲಿ ಅವಳದು ಎತ್ತಿದ ಕೈ.

"ಇನ್ನೊಂದ್ಸಲ ನೋಡೋಣ್ವಾ ಮೇಡಂ?" ಎಂದರು ಪಿಯಾನೊ ಮುಂದೆ ಕೂತಿದ್ದ ಕಾಲೇಜಿನ ಸಂಗೀತ ಟೀಚರ್. ಅವರು ಆ ದಿನದ ರಿಹರ್ಸಲ್ ಮಟ್ಟಿಗೆ ಬದಲಿಯಾಗಿ ಬಂದವರು. ಇಪ್ಪತ್ತಾರು ವರ್ಷ ಆ ಸ್ಟೂಲಿನ ಮೇಲೆ ಕೂತಿದ್ದ ಮೇಷ್ಟ್ರು ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋಗಿದ್ದರು.

ಇನ್ನೊಂದು ಸಲ ನೋಡಿದರು. ಮತ್ತೆ ಗಾಳಿ.

"ನೀವು ಕಾಫಿ ಕುಡಿದು ಬನ್ನಿ," ಎಂದಳು ಮೆಣಸು, ನಗುನಗುತ್ತಲೇ. ಟೀಚರ್ ಅತ್ತ ಹೋದ ಕೂಡಲೇ ಬ್ಯಾಗು ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಮನೆಗೆ ಬಂದುಬಿಟ್ಟಳು. ಅಂದು ಬುಧವಾರ. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅವಳ ನಲವತ್ತೆರಡನೇ ವರ್ಷದ ಕಾರ್ಯಕ್ರಮ, ಸೀಟುಗಳೆಲ್ಲ ಭರ್ತಿ.

ಹೆದರಿಕೆಗೆ ಮನೆಯಲ್ಲಿ ಜಾಗ ಸಾಲಲಿಲ್ಲ. ಬೆಳಗ್ಗೆ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ, ಕಿವಿಯಲ್ಲಿ ಉಳಿದಿದ್ದ ಬುಧವಾರದ ಸ್ವರದಲ್ಲೇ ಮೂರನೇ ಸಾಲನ್ನು ಹಾಡಿ ನೋಡುತ್ತಿದ್ದಳು. ಗಂಟಲು ಒಡೆಯುತ್ತಿತ್ತು. ನಲ್ಲಿ ಇನ್ನಷ್ಟು ತಿರುಗಿಸುತ್ತಿದ್ದಳು.

"ಚಿಕ್ಕಮ್ಮ, ಇವತ್ತೇನು ಟ್ಯಾಂಕ್ ಖಾಲಿ ಮಾಡೋ ಪ್ಲಾನಾ?" ಹೊರಗಿನಿಂದ ಅಕ್ಕನ ಮಗಳು ಕೂಗಿದಳು. ಮೆಣಸಿನ ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ.

"ನಿನ್ನ ಜೇಬಿಗಲ್ಲ ತಾನೆ ಕೈ ಹಾಕಿರೋದು? ಸುಮ್ನಿರು!" ಮಾತಿಗೇನೂ ಕೊರತೆಯಿರಲಿಲ್ಲ. ಮಾತಿನಲ್ಲಿ ಗಂಟಲು ನೆಟ್ಟಗಿದ್ದು ಹಾಡಿನಲ್ಲಿ ಮಾತ್ರ ಒಡೆಯುವುದು ಅವಳನ್ನು ಇನ್ನಷ್ಟು ಹೆದರಿಸಿತು.

ಗಂಟಲು ಡಾಕ್ಟರ್ ಉದ್ದನೆಯ ಕನ್ನಡಿ ಇಳಿಸಿ ನೋಡಿ, "ಗಂಟು ಗಿಂಟು ಏನಿಲ್ಲಮ್ಮ. ಅರವತ್ತಮೂರಕ್ಕೆ ಹೇಗಿರಬೇಕೋ ಹಾಗಿದೆ," ಎಂದರು. ಕಾಯಿಲೆಯಾಗಿದ್ದರೆ ಮದ್ದಾದರೂ ಇರುತ್ತಿತ್ತು.

ಆದರೆ ಎದೆ ಹಿಂಡುತ್ತಿದ್ದದ್ದು ಬರೀ ಹಾಡಿನ ಚಿಂತೆಯಲ್ಲ. ಹಾಡು ಹೋದರೆ ಮೇಷ್ಟ್ರು ಯಾಕೆ ಬರುತ್ತಾರೆ? ಮಂಗಳವಾರ, ಶುಕ್ರವಾರ ಅಭ್ಯಾಸವೆಂದು ಹನ್ನೊಂದಕ್ಕೆ ಬಂದು, ಕೊಡೆ ಬಾಗಿಲ ಮೂಲೆಗೆ ಒರಗಿಸಿ, ಕನ್ನಡಕ ಒರೆಸಿಕೊಳ್ಳುತ್ತ "ಇವತ್ತು ಯಾರನ್ನ ಬೈದ್ರಿ ಮೇಡಂ?" ಎಂದು ಕೇಳುವ ಆ ಮನುಷ್ಯ ಬರುತ್ತಿದ್ದದ್ದು ಹಾಡಿಗಾಗಿ. ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ರಿಟೈರಾದವರು, ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಅವಳೂ ಚಿಕ್ಕ ವಯಸ್ಸಿನಲ್ಲೇ ಮದುವೆಯೊಂದನ್ನು ಮುಗಿಸಿ ಕೈತೊಳೆದುಕೊಂಡವಳು. ಇಷ್ಟು ವರ್ಷದಲ್ಲಿ ಇಬ್ಬರೂ 'ನೀವು' ಬಿಟ್ಟು ಇಳಿದಿರಲಿಲ್ಲ.

ಶನಿವಾರ ಬೆಳಗ್ಗೆ ಅವರ ಮನೆಗೆ ಹೋದಳು. ಮೂರನೇ ಮಹಡಿ, ಪಿಯಾನೊವೇ ಅರ್ಧ ನುಂಗಿದ್ದ ಕೋಣೆ. ಬಾಗಿಲು ತೆರೆದ ಮೇಷ್ಟ್ರ ಎಡಗಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ, ಶರ್ಟಿನ ಗುಂಡಿ ಒಂದು ಮನೆ ತಪ್ಪಿತ್ತು.

"ಕಡಲ್ಗಳ್ಳನ ಥರ ಕಾಣ್ತಿದೀರಿ," ಎಂದಳು.

"ನಿಮ್ಮನ್ನ ನೋಡೋಕೆ ಒಂದು ಕಣ್ಣೇ ಸಾಕು. ನೀವು ಅತ್ತಿದೀರಿ." ಒಂಟಿ ಕಣ್ಣು ಅವಳ ಮುಖದಿಂದ ಕದಲಲಿಲ್ಲ.

ಅವಳು ಕಿಟಕಿಯತ್ತ ತಿರುಗಿದಳು. "ನಾಳೆ ನಾನು ಹಾಡಲ್ಲ ಮೇಷ್ಟ್ರೇ. ಇನ್ಮೇಲೂ ಅಷ್ಟೆ. ಗಂಟಲು ಹೋಯ್ತು." ಬುಧವಾರ ನಡೆದದ್ದನ್ನು ಹೇಳಿದಳು. ಕೇಳುತ್ತ ಕೇಳುತ್ತ ಮೇಷ್ಟ್ರ ಮುಖ ಬಿಳಿಚಿಕೊಂಡದ್ದು ಅವಳಿಗೆ ಕಾಣಿಸಲಿಲ್ಲ.

"ಆ ಟೀಚರ್ ಯಾವ ಶ್ರುತಿಲಿ ನುಡಿಸಿದ್ರು?"

"ಯಾವ ಶ್ರುತಿ ಅಂದ್ರೆ? ನಿಮ್ಮ ಹಳೇ ಪುಸ್ತಕದಲ್ಲಿ ಇರೋದೇ."

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತರು. "ಅವರಿಗೆ ಹೇಳೋದು ತಪ್ಪಿಹೋಯ್ತು. ಎರಡು ಪುಟ ಬರೆದುಕೊಟ್ಟಿದ್ದೆ, ನೀವು ಎಲ್ಲಿ ಉಸಿರು ತಗೋತೀರಿ, ಎಲ್ಲಿ ಜೋಕ್ ಹೇಳ್ತೀರಿ, ಎಲ್ಲ. ಇದೊಂದು ಮಾತ್ರ ಬರೆಯೋಕೆ ಹೆದರಿಕೆ ಆಯ್ತು, ನಿಮ್ಮ ಕೈಗೆ ಸಿಕ್ಕಿಬಿಟ್ರೆ ಅಂತ. ಫೋನಲ್ಲಿ ಹೇಳೋಣ ಅಂದ್ಕೊಂಡೆ. ಆಪರೇಷನ್ ಒಂದು ದಿನ ಮುಂಚೆ ಆಗೋಯ್ತು."

"ಯಾವುದೊಂದು?"

"ನೀವು ಈಗ ಆ ಶ್ರುತಿಲಿ ಹಾಡಲ್ಲ ಮೇಡಂ. ಐದು ಮನೆ ಕೆಳಗೆ ಹಾಡ್ತೀರಿ." ಬೆರಳು ಪಿಯಾನೊದ ಒಂದೊಂದೇ ಮನೆ ಒತ್ತುತ್ತ ಕೆಳಕ್ಕಿಳಿಯಿತು, ಕಪ್ಪೂ ಬಿಳಿಯೂ ಸೇರಿ ಐದು. "ಹದಿನೆಂಟು ವರ್ಷದಿಂದ ಇಳಿಸ್ತಾ ಬಂದಿದೀನಿ. ಮೂರ್ನಾಲ್ಕು ವರ್ಷಕ್ಕೊಂದು ಮನೆ. ಮೊದಲ ಸ್ವರ ನಾನೇ ಕೊಡ್ತೀನಲ್ಲ, ನೀವು ಅದನ್ನೇ ಹಿಡೀತೀರಿ."

ಅವಳು ಹಾಡನ್ನು ಕಿವಿಯಲ್ಲೇ ಕಲಿತವಳು, ಕಾಗದದ ಮೇಲಿನ ಸ್ವರ ಓದಲು ಬರುತ್ತಿರಲಿಲ್ಲ.

"ಬೇಸ್ ಗಿಟಾರ್ ಬಾರಿಸೋನಿಗೆ, ಡ್ರಮ್ಮಿನವನಿಗೆ?"

"ಗೊತ್ತು."

"ನನ್ನ ಅಕ್ಕನ ಮಗಳಿಗೆ?"

ಮೇಷ್ಟ್ರು ತಲೆ ತಗ್ಗಿಸಿದರು.

"ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಇಲ್ಲ! ಗೊಂಬೆ ಥರ ಆಡಿಸಿದ್ರಲ್ಲ ನನ್ನ!" ಬ್ಯಾಗು ಎತ್ತಿಕೊಂಡು ಬಾಗಿಲವರೆಗೆ ಹೋದಳು. ಚಿಲಕದ ಮೇಲೆ ಕೈಯಿಟ್ಟವಳಿಗೆ, ಹೊರಗೆ ಹೋದರೆ ಮತ್ತೆ ಬರಲು ನೆಪವಿಲ್ಲ ಎನಿಸಿತು. ಕೋಪಕ್ಕಿಂತ ಆ ಭಯವೇ ಹೆಚ್ಚಾಯಿತು. ತಿರುಗದೆಯೇ ಕೇಳಿದಳು. "ಯಾಕೆ ಶುರು ಮಾಡಿದ್ರಿ?"

"ನಿಮ್ಮಮ್ಮ ತೀರಿಕೊಂಡ ವಾರ ನೀವು ಹಾಡಲೇಬೇಕು ಅಂತ ಹಟ ಹಿಡಿದ್ರಲ್ಲ. ಅಳು ಗಂಟಲಲ್ಲೇ ಇತ್ತು. ಅವತ್ತೊಂದು ದಿನಕ್ಕೆ ಅಂತ ಇಳಿಸಿದೆ. ಆಮೇಲೆ ಏರಿಸೋಕೆ ಮನಸ್ಸು ಬರಲಿಲ್ಲ."

"ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀವು ಹಾಡೋದೇ ನಿಲ್ಲಿಸ್ತಿದ್ರಿ, ಅಷ್ಟು ಸೊಕ್ಕು ನಿಮಗೆ. ನೀವು ನಿಲ್ಲಿಸಿದ್ರೆ..." ಮೇಷ್ಟ್ರು ತಪ್ಪಿದ ಗುಂಡಿಯನ್ನು ಬಿಚ್ಚಿ ಮತ್ತೆ ತಪ್ಪಾಗಿಯೇ ಹಾಕಿಕೊಂಡರು. "ಮಂಗಳವಾರ, ಶುಕ್ರವಾರ ನಾನು ಎಲ್ಲಿಗೆ ಹೋಗಲಿ?"

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು ಹೊರಟಿತು. ಮೆಣಸು ನಿಧಾನವಾಗಿ ಬಂದು ಪಿಯಾನೊಗೆ ಒರಗಿದಳು.

"ಹಳೇ ಶ್ರುತಿ ನುಡಿಸಿ."

"ಬೇಡ ಮೇಡಂ."

"ನುಡಿಸಿ ಅಂದೆ. ಬಚ್ಚಲಲ್ಲಿ ಒಬ್ಬಳೇ ಕೇಳಿ ಕೇಳಿ ಸತ್ತುಹೋಗ್ತಿದೀನಿ. ನೀವಿದ್ದಾಗ ಕೇಳಬೇಕು."

ಮೇಷ್ಟ್ರು ನುಡಿಸಿದರು. ಮೂರನೇ ಸಾಲಿನಲ್ಲಿ ಗಂಟಲು ಒಡೆಯಿತು, ಎಂದಿಗಿಂತ ಕೆಟ್ಟದಾಗಿ. ಮೇಷ್ಟ್ರ ಕೈ ನಿಲ್ಲಲಿಲ್ಲ. ಅದೇ ಜಾಗದಲ್ಲಿ ಮೆತ್ತಗೆ ಸುತ್ತುತ್ತ, ಅವಳು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಬರುವವರೆಗೆ ಕಾದರು. ಹಾಡು ಮುಗಿಯಿತು. ಮೇಷ್ಟ್ರ ಒಂಟಿ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಅಳಬೇಡ್ರೀ, ಆಪರೇಷನ್ ಆಗಿರೋ ಕಣ್ಣು," ಎಂದಳು.

"ಇದು ಆಗದೇ ಇರೋ ಕಣ್ಣು."

ಇಬ್ಬರಿಗೂ ನಗು ಬಂತು. ಅವಳು ಅವರ ಶರ್ಟಿನ ಗುಂಡಿ ಸರಿಮಾಡಿದಳು. "ನನಗೆ ಇನ್ನೂ ಹೆದರಿಕೆ ಆಗ್ತಿದೆ," ಎಂದಳು. "ನನಗೂ," ಎಂದರು ಮೇಷ್ಟ್ರು. ಅವಳ ಕೈ ಆ ಗುಂಡಿಯ ಮೇಲೇ ಸ್ವಲ್ಪ ಹೊತ್ತು ಉಳಿಯಿತು.

ಭಾನುವಾರ ನಾಲ್ಕಕ್ಕೆ ಸಭಾಂಗಣ ತುಂಬಿತ್ತು. ಪರದೆಯ ಸಂದಿಯಿಂದ ಅವಳು ಎರಡು ಸಲ ಇಣುಕಿ ನೋಡಿದಳು. ಟೆಲಿಫೋನ್ ಬಿಟ್ಟು ವೇದಿಕೆ ಹತ್ತಿದ ಸಂಜೆಯೂ ಇಷ್ಟು ಹೆದರಿರಲಿಲ್ಲ. ಅವತ್ತು ಗಂಟಲಿನ ಮೇಲೆ ನಂಬಿಕೆಯಾದರೂ ಇತ್ತು. ವೇದಿಕೆಗೆ ಬಂದಾಗ ಮೇಷ್ಟ್ರು ಹುಬ್ಬೆತ್ತಿ, ಎಷ್ಟು ಎಂದು ಕಣ್ಣಲ್ಲೇ ಕೇಳಿದರು. ಇಷ್ಟು ವರ್ಷದಲ್ಲಿ ಅದನ್ನು ಅವಳನ್ನು ಕೇಳಿದ್ದು ಅದೇ ಮೊದಲು. ಅವಳು ಒಂದು ಬೆರಳನ್ನು ಕೆಳಕ್ಕೆ ತೋರಿಸಿದಳು. ಇನ್ನೊಂದು ಮನೆ.

ಮೂರನೇ ಸಾಲು ಹತ್ತಿರ ಬರುತ್ತಿದ್ದಂತೆ ಅವಳು ಮೇಷ್ಟ್ರ ಕಡೆ ನೋಡಿದಳು. ಸ್ವರ ಬಂತು. ದಪ್ಪಗೆ, ಸ್ವಲ್ಪ ಒರಟಾಗಿ, ಆದರೆ ಪೂರ್ತಿಯಾಗಿ ಬಂತು. ಜನ ಚಪ್ಪಾಳೆ ಹೊಡೆದರು. ಈಗವಳು ಬೊಕ್ಕತಲೆಯವರನ್ನು ರೇಗಿಸಬೇಕಾದ ಸಮಯ. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ಲಿ ಕೂತಿದಾರಲ್ಲ, ಇವರು ಹದಿನೆಂಟು ವರ್ಷ ನನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ರು. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು. ಅದಕ್ಕೆ ಸೇಡು ತೀರಿಸ್ಕೋತಿದೀನಿ. ನಿಮಗೆಲ್ಲ ಹೇಳ್ತೀನಿ, ಅವರಿಗೊಬ್ಬರಿಗೆ ಇನ್ನೂ ಗೊತ್ತಿಲ್ಲ. ಮುಂದಿನ ವಾರ ನಾನು ಅವರನ್ನ ಮದುವೆ ಆಗ್ತಿದೀನಿ."

ಸಭೆ ನಗೆಯಲ್ಲಿ ಮುಳುಗಿತು. ಜೋಕ್ ಅಂದುಕೊಂಡರು. ಪಿಯಾನೊ ಮೇಲೆ ಮೇಷ್ಟ್ರ ಕೈ ಎಲ್ಲಿಗೋ ಜಾರಿ ನಾಲ್ಕೈದು ತಪ್ಪು ಸ್ವರ ಒಟ್ಟಿಗೇ ಎದ್ದವು. ನಗು ಅಡಗಿತು. ಮೆಣಸು ತಿರುಗಿ ನೋಡಿದಳು. ಬಚ್ಚಲಿನ ಭಯ, ಡಾಕ್ಟರ ಕನ್ನಡಿಯ ಭಯ ಎಲ್ಲ ಆ ಕ್ಷಣದ ಭಯದ ಮುಂದೆ ಏನೂ ಅಲ್ಲವಾಗಿತ್ತು.

ಮೇಷ್ಟ್ರು ಬೇಸ್ ಬಾರಿಸುವವನ ಮೈಕನ್ನು ತಮ್ಮತ್ತ ಎಳೆದುಕೊಂಡರು. "ಮುಂದಿನ ವಾರ ಕಣ್ಣು ತೋರಿಸೋಕೆ ಹೋಗಬೇಕು ಮೇಡಂ. ಅದರ ಮುಂದಿನ ವಾರ ಆದ್ರೆ ಪರವಾಗಿಲ್ವಾ?"

"ಪರವಾಗಿಲ್ಲ," ಎಂದಳು ಮೆಣಸು. ಅಷ್ಟು ಜನರ ಎದುರಿಗೆ, ಮೈಕಿನಲ್ಲಿ, ಆ ಒಂದು ಮಾತು ಒಡೆದು ಚೂರಾಗಿ ಬಂತು. ಅವಳು ಗಂಟಲು ಸರಿಮಾಡಿಕೊಳ್ಳಲು ಹೋಗಲಿಲ್ಲ.