ಮುಚ್ಚಳದ ಮೇಲೆ ಕುಳಿತವಳು

"ಇವತ್ತು ಎಷ್ಟು?"

ಫೋನಿನಲ್ಲಿ ತಾಲಾಯ್‌ನ ಮೊದಲ ಮಾತು ಯಾವಾಗಲೂ ಇದೇ. ಓಶ್ ನಗರದ ಮಳೆ ಅಳೆಯುವ ಕೆಲಸ ಬೆಗಾಯಿಮ್‌ಳದು, ತಗ್ಗಿನ ಕೊನೆಯಲ್ಲಿ ಒಳಚರಂಡಿಯ ಗೇಟು ನೋಡಿಕೊಳ್ಳುವ ಕೆಲಸ ಅವನದು. ಗುಡ್ಡದ ಶಾಲೆಯ ಮೇಲಿಟ್ಟ ಅವಳ ಮಳೆಡಬ್ಬಿ ಏನು ಹೇಳುತ್ತದೆಂದು ಕೇಳದೆ ಅವನು ಚರಂಡಿಯೊಳಗೆ ಇಳಿಯುವಂತಿರಲಿಲ್ಲ.

ಮನೆಗೆ ಹೊರಟ ವ್ಯಾನಿನಲ್ಲಿ ಕಿಟಕಿಗೊರಗಿ ಕುಳಿತಿದ್ದ ಬೆಗಾಯಿಮ್ ಡಬ್ಬಿ ಕಳಿಸಿದ ಅಂಕಿಯನ್ನು ಮೊಬೈಲಿನಲ್ಲಿ ನೋಡಿದಳು. "ಸೊನ್ನೆ."

"ಮಳೆ ಕೇಳಲಿಲ್ಲ ಕಣೆ. ನನ್ನ ಮೇಲೆ ಪ್ರೀತಿ ಎಷ್ಟು ಅಂತ ಕೇಳಿದೆ."

"ಅದೂ ಸೊನ್ನೆನೇ. ನಿನ್ನ ಮೈವಾಸನೆ ಲೆಕ್ಕಕ್ಕೆ ತಗೊಂಡ್ರೆ ಇನ್ನೂ ಕೆಳಗೆ ಹೋಗುತ್ತೆ."

ಅವನು ನಕ್ಕ. ಆ ನಗುವಿನಲ್ಲಿ ಮುರಿದ ಮುಂದಿನ ಹಲ್ಲಿನ ಸಂದು ಕಾಣುತ್ತದೆಂದು ಅವಳಿಗೆ ನೋಡದೆಯೇ ಗೊತ್ತು. ಮುರಿದವನು ಅವಳ ಅಣ್ಣ ಕುಬಾತ್. ಹೋದ ವಸಂತದಲ್ಲಿ ತಾಲಾಯ್ ಅವರ ಬೀದಿಗೆ ಬಂದು, ಮಳೆ ಬಂದಾಗ ಒಳಚರಂಡಿಯ ಮುಚ್ಚಳ ಎತ್ತಬೇಡಿ ಎಂದು ಕೂಗಾಡಿದ್ದಕ್ಕೆ ಸಿಕ್ಕಿದ ಉತ್ತರ ಅದು. ಅಂದಿನಿಂದ ತಾಲಾಯ್ ಎಂಬ ಹೆಸರು ಅವಳ ಮನೆಯಲ್ಲಿ ಬೈಗುಳ. ಅವಳ ಬಾಯಲ್ಲಿ ಮಾತ್ರ ಸಕ್ಕರೆ, ಅದೂ ಯಾರಿಗೂ ಕೇಳದ ಹಾಗೆ.

"ಗೇಟಿನ ಸೆನ್ಸರಿಗೆ ಕೆಸರು ಮೆತ್ತಿದೆ, ಇಳೀತೀನಿ. ಬಿಸ್ಮಿಲ್ಲಾ." ಫೋನು ಸತ್ತಿತು.

ವ್ಯಾನು ಗುಡ್ಡ ಹತ್ತಿತು. ಅರ್ಧ ದಾರಿಯಲ್ಲಿ ಡ್ರೈವರ್ ವೈಪರ್ ಹಾಕಿದ. ಮರುಕ್ಷಣ ಮಳೆ ಗಾಜಿಗೆ ಕಲ್ಲು ತೂರಿದಂತೆ ಬಡಿಯಿತು. ರಸ್ತೆ ಆಗಲೇ ಹೊಳೆಯಾಗಿತ್ತು. ಬೆಗಾಯಿಮ್ ಮೊಬೈಲು ನೋಡಿದಳು. ಇನ್ನೂ ಸೊನ್ನೆ.

ಶಾಲೆಯ ಬೀದಿಯಂಚಿನ ಪಾಪ್ಲರ್ ಮರಗಳು ವಾರದಿಂದ ಹತ್ತಿಯಂಥ ಬೀಜದ ಅರಳೆ ಉದುರಿಸುತ್ತಿದ್ದವು. ಆ ಅರಳೆ ಡಬ್ಬಿಯ ಬಾಯಿ ಕಟ್ಟಿತ್ತು. ನಾಳೆ ತೆಗೆದರಾಯಿತು ಎಂದುಕೊಂಡಿದ್ದಳು ಅವಳು.

ತಾಲಾಯ್‌ನ ಫೋನು ಸಿಗಲಿಲ್ಲ. ಅವನ ಹಗ್ಗ ಹಿಡಿದು ಮೇಲೆ ನಿಂತಿದ್ದ ಜೊತೆಗಾರ, ಮುದುಕ ಸಾದಿರ್‌ಗೆ ಮಾಡಿದಳು. ಅವನು ಎತ್ತಿದ. "ಮಗಳೇ, ಒಮ್ಮೆಲೇ ನೀರು ನುಗ್ಗಿತು! ಅವನ ಕಾಲು ಗೇಟಿಗೆ ಸಿಕ್ಕಿಕೊಂಡಿದೆ. ಎದೆಮಟ್ಟ ಬಂದಿದೆ, ಇನ್ನೂ ಏರ್ತಿದೆ!"

ಒಮ್ಮೆಲೇ ನುಗ್ಗಿತು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಗುಡ್ಡದ ನೀರು ಅಂಗಳಕ್ಕೆ ಬಂದಾಗಲೆಲ್ಲ ಅವರ ಬೀದಿಯ ಗಂಡಸರು ಹಾರೆ ಹಾಕಿ ಮುಚ್ಚಳ ಎತ್ತುತ್ತಿದ್ದರು. ಬೀದಿಯ ನೀರೆಲ್ಲ ಕೊಳವೆಗೆ, ಅಲ್ಲಿಂದ ನೇರ ತಗ್ಗಿನ ಗೇಟಿಗೆ. ಚಿಕ್ಕವಳಿದ್ದಾಗ ಅವಳೂ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದ್ದಳು.

ವ್ಯಾನಿನಿಂದ ಹಾರಿದಳು. ಮೊಣಕಾಲುದ್ದದ ಕೆಂಪು ನೀರಿನಲ್ಲಿ ಬಿದ್ದು ಎದ್ದು ಓಡಿದಳು. ಬೀದಿಯ ನಡುವೆ ಮುಚ್ಚಳ ಓರೆಯಾಗಿ ಹಾರೆಯ ಮೇಲೆ ನಿಂತಿತ್ತು, ನೀರು ಗೊಳಗೊಳ ಸುತ್ತುತ್ತ ಒಳಗೆ ಬೀಳುತ್ತಿತ್ತು. ಹಾರೆ ಹಿಡಿದವನು ಕುಬಾತ್.

"ಮುಚ್ಚಿ! ತಾಲಾಯ್ ಕೆಳಗಿದಾನೆ!"

"ಯಾರು, ಆ ಹಲ್ಲುಮುರುಕನಾ? ಈಜು ಕಲೀಲಿ ಬಿಡು."

ಅವಳು ಹಾರೆಗೆ ಒದ್ದಳು. ಮುಚ್ಚಳ ಧಡ್ಡನೆ ಕೂತಿತು. ಅವಳು ಅದರ ಮೇಲೆ ಕೂತಳು.

"ಏಳು! ಮನೆಯೊಳಗೆ ನೀರು ಹೋಗ್ತಿದೆ!"

"ಹೋಗಲಿ."

ಕುಬಾತ್ ಜಡೆಗೆ ಕೈ ಹಾಕಿ ಎಳೆದ. ಅವಳು ಅವನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದಳು. ಅವನು ಬೀಸಿದ ಹೊಡೆತಕ್ಕೆ ಹಣೆ ಕಬ್ಬಿಣದಂಚಿಗೆ ಬಡಿದು ಸೀಳಿತು. ಮಳೆ ರಕ್ತವನ್ನು ಕಣ್ಣಿಗೆ ಇಳಿಸಿತು. ಅವಳು ಮುಚ್ಚಳವನ್ನು ತಬ್ಬಿ ಬೋರಲು ಮಲಗಿದಳು. ಕಿವಿಯಡಿ, ಕಬ್ಬಿಣದ ಕೆಳಗೆ, ನೀರು ಗುಡುಗುತ್ತಿತ್ತು. ಅಜ್ಜಿ ಕಲಿಸಿದ ಪ್ರಾರ್ಥನೆ ತುಟಿಗೆ ತಾನೇ ಬಂತು.

"ಯಾವನೋ ಗಟಾರದವನಿಗೋಸ್ಕರ ಒಡಹುಟ್ಟಿದ ಅಣ್ಣನ್ನ ಕಚ್ತೀಯಾ?"

"ಯಾವನೋ ಅಲ್ಲ! ನಾನು ಮದುವೆ ಆಗೋನು!"



ಎದುರುಮನೆ ಅಜ್ಜಿ ಬಾಗಿಲಿಂದ ಕೇಳಿದಳು: "ಅಲ್ಲ ಮಗಾ, ಆ ಹುಡುಗನಿಗೆ ಇದು ಗೊತ್ತಾ?"

"ಇನ್ನೂ ಇಲ್ಲ!"

ಕುಬಾತ್ ಹಾರೆ ಎತ್ತಿದ. ಯಾರೋ ಚೀರಿದರು. ಅವನು ಅದನ್ನು ಬೀಸಿ ಬೇಲಿಯಾಚೆ ಎಸೆದ. ಆಮೇಲೆ ತಂಗಿಯ ಪಕ್ಕ, ಮುಚ್ಚಳದ ಮೇಲೆ, ತನ್ನ ಎತ್ತಿನಂಥ ಮೈಭಾರವನ್ನೆಲ್ಲ ಹಾಕಿ ಕುಳಿತ.

"ಅವನ ಇನ್ನೊಂದು ಹಲ್ಲು ನಾನೇ ಮುರೀಬೇಕು," ಎಂದ. "ಅದಕ್ಕೆ ಅವನು ಬದುಕಿರಬೇಕು."

ಅವರ ಮನೆಯೊಳಗಿಂದ ಅಮ್ಮ ಹೊಲಿದ ಉಣ್ಣೆಯ ಜಮಖಾನ ತೇಲಿ ಬಂತು. ಇಬ್ಬರೂ ನೋಡಿದರು. ಇಬ್ಬರೂ ಏಳಲಿಲ್ಲ.

ಎಷ್ಟೋ ಹೊತ್ತಿಗೆ ಸಾದಿರ್‌ನ ಫೋನು ಬಂತು. "ನೀರು ಇಳೀತು ಮಗಳೇ. ಎಳ್ಕೊಂಡೆ."

ಮಳೆ ನಿಂತ ಮೇಲೆ ತಾಲಾಯ್ ತಾನೇ ಕುಂಟುತ್ತ ಬಂದ. ಉಗುರುಗಳು ಕಿತ್ತುಹೋಗಿದ್ದವು, ಒಂದು ತೋಳು ಜೋತಾಡುತ್ತಿತ್ತು. ಬೀದಿ ದಾರಿ ಬಿಟ್ಟಿತು, ಅರ್ಧ ಗೌರವಕ್ಕೆ, ಅರ್ಧ ನಾತಕ್ಕೆ.

"ನೀನು ಸೊನ್ನೆ ಅಂದೆ," ಎಂದ. ದೂರಿರಲಿಲ್ಲ ಆ ಮಾತಿನಲ್ಲಿ.

"ಡಬ್ಬಿಗೆ ಅರಳೆ ಕಟ್ಟಿತ್ತು. ನೋಡಬೇಕಾಗಿದ್ದೋಳು ನಾನು. ನಿನ್ನ ಕೊಂದೇಬಿಡ್ತಿದ್ದೆ."

ಅವನು ಅವಳ ಹಣೆಯ ಗಾಯ ನೋಡಿದ, ಕುಬಾತ್‌ನ ಕಚ್ಚಿದ ಮಣಿಕಟ್ಟು ನೋಡಿದ. "ಇನ್ನೊಂದು ಸೊನ್ನೆ ಹೇಳಿದ್ಯಲ್ಲ. ಅದು?"

"ಅದನ್ನ ಇಡೀ ಬೀದಿ ಕೇಳಿಸ್ಕೊಂಡಿದೆ," ಕುಬಾತ್ ಗುರುಗುಟ್ಟಿದ. "ನೀನೊಬ್ಬನೇ ಬಾಕಿ."

ಬೆಗಾಯಿಮ್ ಎದ್ದಳು. ರಕ್ತ ಮೆತ್ತಿದ ತಲೆವಸ್ತ್ರದ ಒಂದು ಚುಂಗಿನಿಂದ ಅವನ ತುಟಿಯ ಕೆಸರು ಒರೆಸಿದಳು, ಆ ಮುರಿದ ಹಲ್ಲು ಕಾಣುವವರೆಗೆ.

"ಅದೂ ಸುಳ್ಳು ಕಣೋ," ಎಂದಳು.