ಬಾದಾಮಿ ಮರದ ಬಿಳಿ ಗುರುತು

"ರೀ! ಆ ಮರಕ್ಕೆ ಕೈ ಹಾಕಿದ್ರೆ ಚೆನ್ನಾಗಿರಲ್ಲ!"

ಮೊದಲ ಮಹಡಿಯ ಕಿಟಕಿಯಿಂದ ಕೂಗಿದವಳು ಟೈಲರ್ ಹುಡುಗಿ. ಕೊರಳಲ್ಲಿ ಅಳತೆ ಟೇಪು, ಕಣ್ಣಲ್ಲಿ ಕೆಂಡ. ಕೆಳಗೆ ಪಾಲಿಕೆಯ ತೋಟದ ವಿಭಾಗದ ಯುವಕ ಬಾದಾಮಿ ಮರಕ್ಕೆ ಬಿಳಿ ಬಣ್ಣದ ಗುರುತು ಹಾಕುತ್ತಿದ್ದ.

"ಸ್ವಲ್ಪ ಕೇಳಿ ಮೇಡಂ, ಇದು..."

"ಕೇಳೋದೇನಿದೆ? ರಸ್ತೆ ಅಗಲ ಮಾಡ್ತಾರೆ, ಮರ ಕಡೀತಾರೆ. ಗೊತ್ತಿದೆ! ಮುಖ ನೋಡಿದ್ರೆ ಸಾಧು, ಕೆಲಸ ಮಾತ್ರ ಕಟುಕಂದು!"

ಕಿಟಕಿ ದಢಾರನೆ ಮುಚ್ಚಿತು.

'ಛೆ, ಅಷ್ಟು ಒಳ್ಳೆ ಕಣ್ಣು... ಇಂಥವನಿಗೆ ಇಂಥ ಕೆಲಸವಾ?' ಅಂದುಕೊಂಡವಳು ತನ್ನ ಮನಸ್ಸನ್ನೇ ಗದರಿದಳು.

ಕಿಟಕಿಯ ಪಕ್ಕದ ಮಂಚದಲ್ಲಿ ಅವಳ ಅಜ್ಜಿ. ಉಬ್ಬಸದ ಜೀವ. ತಗಡಿನ ಛಾವಣಿಯ ಆ ಕೋಣೆಯನ್ನು ತಂಪಾಗಿಡುತ್ತಿದ್ದುದು ಆ ಮರವೊಂದೇ.

ಸಂಜೆ ನೀಲಿ ಮಕಮಲ್ಲಿನ ಚೂರೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಗುರುತನ್ನು ತಿಕ್ಕಿ ತಿಕ್ಕಿ ಅಳಿಸಿ, ಚೂರನ್ನು ಅಲ್ಲೇ ಬುಡದಲ್ಲಿ ಎಸೆದಳು. ಮರ ಉಳಿಯಿತು ಎಂದು ಆ ದಿನ ನೆಮ್ಮದಿಯಾಗಿ ಉಂಡಳು.

ಮರುದಿನ ಗರಗಸದ ಸದ್ದಿಗೆ ಕೆಳಗೆ ಓಡಿದಾಗ ಮರ ಬೀದಿಗೆ ಅಡ್ಡ ಬಿದ್ದಿತ್ತು!

"ಯಾಕೆ ಕಡಿದ್ರಿ? ಗುರುತೇ ಇರ್ಲಿಲ್ವಲ್ಲಾ!"

"ಅದಕ್ಕೇ ಕಡಿದಿದ್ದು ತಾಯಿ," ಎಂದ ಮೇಸ್ತ್ರಿ. "ಬಿಳಿ ಗುರುತಿದ್ರೆ ಅದು ಉಳಿಸೋ ಮರ."

ಅಯ್ಯೋ... ನನ್ನ ಕೈಯಾರೆ!

ಅಷ್ಟರಲ್ಲಿ ಆ ಯುವಕ ಸೈಕಲ್ ಬೀಳಿಸಿ ಓಡಿ ಬಂದ. ಬುಡದಲ್ಲಿದ್ದ, ಬಿಳಿ ಬಣ್ಣ ಮೆತ್ತಿದ ನೀಲಿ ಮಕಮಲ್ಲನ್ನು ನೋಡಿದ. ಅವಳನ್ನು ನೋಡಿದ. ಚೂರು ಸದ್ದಿಲ್ಲದೆ ಅವನ ಜೇಬು ಸೇರಿತು.

"ತಪ್ಪು ನಂದೇ ಸರ್," ಎಂದ, ಹಿಂದೆಯೇ ಜೀಪಿನಲ್ಲಿ ಬಂದಿಳಿದ ಮೇಲಧಿಕಾರಿಗೆ. "ಗುರುತು ಹಾಕೋದು ಮರೆತೆ."

ಅವಳು ತಲೆ ತಗ್ಗಿಸಿ ಮೆಟ್ಟಿಲು ಹತ್ತಿಬಿಟ್ಟಳು.

ಆಮೇಲೆ ಮನೆ ಕಾದ ಹೆಂಚಾಯಿತು. ಹೊಲಿಗೆ ಯಂತ್ರದ ಚಕ್ರ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ನೆರಳಿಗೆ ನಿಲ್ಲುತ್ತಿದ್ದ ತರಕಾರಿ ಗಾಡಿಯವನೂ ಬೀದಿ ಬಿಟ್ಟ. ಅಜ್ಜಿಗೆ ಊಟ ಸೇರದು, ನಿದ್ದೆ ಹತ್ತದು.

"ಇವರನ್ನ ತಂಪಲ್ಲಿಡಿ. ಇಲ್ದಿದ್ರೆ ಕಷ್ಟ," ಎಂದರು ಡಾಕ್ಟರ್.

ಒಂದು ಮಧ್ಯಾಹ್ನ ಬಾಗಿಲಲ್ಲಿ ಅವನು!

"ಅಜ್ಜಿಗೆ ಹುಷಾರಿಲ್ಲ ಅಂತ ತರಕಾರಿಯವನು ಹೇಳಿದ. ಪಾರ್ಕಿಗೆ ಕರ್ಕೊಂಡು ಹೋಗೋಣ, ಅಲ್ಲಿ ದೊಡ್ಡ ಮರಗಳಿವೆ."

ಅಜ್ಜಿಯನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲಿಳಿದ.

"ನಿಮ್ಮ ತಾತನೂ ನನ್ನ ಹೀಗೆ ಎತ್ಕೊಂಡಿರ್ಲಿಲ್ಲ ಕಣೇ!" ಏದುಸಿರಲ್ಲೂ ಅಜ್ಜಿ ನಕ್ಕಳು.

ಪಾರ್ಕಿನ ನೆರಳಲ್ಲಿ ಅಜ್ಜಿಯ ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಬೆಂಚಿನ ಮೇಲೆ ಸಣ್ಣಗೆ ಗೊರಕೆಯೂ ಶುರುವಾಯಿತು. ಅದನ್ನು ಕೇಳಿದ್ದೇ ಅವಳಿಗೆ ತಡೆಯಲಾಗಲಿಲ್ಲ.

"ಗುರುತು ಒರೆಸಿದ್ದು ನಾನು..."

"ಗೊತ್ತು."

"ಗೊತ್ತಿದ್ದೂ ನಿಮ್ಮ ಮೇಲೆ ಹಾಕ್ಕೊಂಡ್ರಾ? ಯಾಕೆ?"

"ಮರ ಉಳಿಸೋಕೆ ಒರೆಸಿದ್ರಿ. ನಿಮ್ಮನ್ನ ಹೇಗೆ ಬಿಟ್ಟುಕೊಡಲಿ?" ಅವನು ಅವಳತ್ತ ತಿರುಗಿದ. "ನೀವು ಕಿಟಕಿ ಮುಚ್ಚಿದ ದಿನಾನೇ ನನ್ನ ಮನಸ್ಸು ಅಲ್ಲೇ ಉಳಿದುಬಿಡ್ತು."

"ನಿಮ್ಮ ಕೆಲಸ...?"

"ಹೋಯ್ತು."

ಅವಳು ಬಾಯಿಗೆ ಕೈ ಒತ್ತಿಕೊಂಡು ಬಿಕ್ಕಿದಳು. ಮರವೂ ಇಲ್ಲ, ಇವನ ಅನ್ನವೂ ಇಲ್ಲ... ಎಲ್ಲ ನನ್ನಿಂದ!

"ನಾಳೆ ನಿಮ್ಮ ಆಫೀಸಿಗೆ ಬಂದು ನಿಜ ಹೇಳ್ತೀನಿ."

"ಎಲ್ಲರ ಮುಂದೆ ಬೈತಾರೆ."

"ಬೈಸ್ಕೊಳ್ತೀನಿ. ನೀವು... ನನ್ನ ಪಕ್ಕ ನಿಂತಿರ್ತೀರಾ?"

ಅವನು ಅವಳ ಒದ್ದೆ ಕೈಯನ್ನು ಹಿಡಿದುಕೊಂಡ.

"ನಾಳೆ ಮಾತ್ರಾನಾ?"

"ಅಲ್ಲ..." ಎಂದಳು, ಕಣ್ಣೀರಿನಲ್ಲೇ.