ಗೆಂಡೆ ಮೀನಿನ ಮೂತಿ

ಬೂದಿ ಸವರಿ ಗೆಂಡೆ ಮೀನು ಉಜ್ಜುತ್ತಿದ್ದ ಮುನಿಯಲ್ಲಮ್ಮನ ಕೈ ನಾಲ್ಕನೆಯ ಮೀನಿಗೂ ನಿಂತಿತು. ಹೊಟ್ಟೆ ತುಂಬ ಮೊಟ್ಟೆ. ಅಬ್ಬಿಗೆರೆಯ ಅವಳ ಮನೆಯ ಹಿಂದಿನ ಹಳ್ಳದ ಮಡುವಿಗೆ ಮುಂಗಾರಿನ ಹೊಸ ನೀರಲ್ಲಿ ಹತ್ತಿಬರುತ್ತಿದ್ದ ಮೀನು ಎರಡು ವರ್ಷದಿಂದ ಕಾಣೆ. ಹಳ್ಳದ ಕೆಳಗೆ ಬಲೆ ಬೀಸುವ ಫರ್ದೀನನ ಬುಟ್ಟಿ ಮಾತ್ರ ತುಂಬಿರುತ್ತಿತ್ತು; ಈ ನಾಲ್ಕೂ ಅವನಿಂದಲೇ ಕೊಂಡವು.

ಅವನು ಮೀನು ಕದಿಯುತ್ತಾನೆಂದು ದೂರು ಕೊಟ್ಟವಳು ಅವಳೇ. ಸಂಜೆ ಕೆರೆ ಸಮಿತಿಯವರು ಅವನ ಬಲೆ ಕಿತ್ತುಕೊಳ್ಳುವವರಿದ್ದರು.

ಮಹಡಿ ಮೇಲೆ ಬಾಡಿಗೆಗಿದ್ದ ದಿವ್ಯ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಇಳಿದು ಬಂದು ಪಕ್ಕದಲ್ಲಿ ಕೂತಳು.

“ಅವನೇ ಕಳ್ಳ ಅಂತ ಹೇಗ್ ಹೇಳ್ತೀರಾ ಆಂಟಿ?”

“ಇನ್ಯಾರು? ನಮ್ ಮಡೂಗೆ ಬರೋ ಮೀನ್ನ ದಾರೀಲೇ ಬಾಚ್ಕೊಂಡು ನಮ್ಗೇ ಮಾರ್ತಾನೆ.”

“ಬಲೆ ಎಲ್ಲಿ ಬೀಸ್ತಾನೆ?”

“ಅಳ್ಳ ದಾಟೋ ಆ ಕಟ್ಟೆ ಬುಡದಲ್ಲೇ.”

“ಎಷ್ಟು ವರ್ಷದಿಂದ?”

“ಅವ್ರಪ್ಪನ ಕಾಲ್ದಿಂದ್ಲೂ ಅಳ್ಳದಲ್ಲೇ ಅವ್ರೆ.”

“ಆಗ ಮೇಲೂ ಮೀನಿತ್ತಲ್ಲ?”

ಮುನಿಯಲ್ಲಮ್ಮ ಮತ್ತೆ ಬೂದಿಗೆ ಕೈ ಹಾಕಿದಳು. ದಿವ್ಯ ಒಂದು ಮೀನನ್ನು ಬೆಳಕಿಗೆ ಹಿಡಿದಳು.

“ಇದರ ಮೂತಿ ನೋಡಿದ್ರಾ?”

“ಮೂತಿ ಯಾಕ್ ನೋಡ್ಲಿ? ಸಂಬಂಧ ಬೆಳೆಸ್ಬೇಕಾ?”

“ಚರ್ಮ ಕಿತ್ತೋಗಿದೆ. ನಾಲ್ಕಕ್ಕೂ. ಬಲೆಯ ಗಾಯ ಕಿವಿರಿನ ಹತ್ರ ಆಗುತ್ತೆ. ಇವು ಗೋಡೆಗೆ ಗುದ್ದಿವೆ — ನೆಗೆದೂ ನೆಗೆದೂ. ಮೊಟ್ಟೆ ಇಡೋಕೆ ಮೇಲೆ ಹೋಗ್ಬೇಕು. ಮೊಣಕಾಲೆತ್ತರದ ಸಿಮೆಂಟು ಕಟ್ಟೆ, ಹತ್ತೋಕಾಗಲ್ಲ. ಕೆಳಗೇ ಗುಂಪಾಗ್ತವೆ. ಅದಕ್ಕೇ ಅವನ ಬುಟ್ಟಿ ತುಂಬೋದು. ಕಳ್ಳ ಫರ್ದೀನ್ ಅಲ್ಲ ಆಂಟಿ, ಆ ಕಟ್ಟೆ. ಯಾರು ಕಟ್ಟಿದ್ದು?”

“ಯಾರೋ ಕಾಣೆ. ಮಳೇಲಿ ಬಂದಿರ್ಬೇಕು.”

“ಸಿಮೆಂಟು ಮಳೇಲಿ ಬರುತ್ತಾ?” ದಿವ್ಯ ನಗುತ್ತ ಮೆಟ್ಟಿಲು ಹತ್ತಿದಳು.

ಆಚೆ ದಡಕ್ಕೆ ಹುಲ್ಲಿಗೆ ಹೋಗುವಾಗ ಮುನಿಯಲ್ಲಮ್ಮ ಪಾಚಿಗಲ್ಲಿನ ಮೇಲೆ ಜಾರಿ ಮಂಡಿ ಒಡೆದುಕೊಂಡು ಎರಡು ವರ್ಷವಾಗಿತ್ತು. ಮರುವಾರವೇ ಗಂಡ ಬ್ಯಾಟರಾಯಪ್ಪ ಹಳ್ಳಕ್ಕಿಳಿದಿದ್ದ. ಮೂರು ದಿನ ನೀರಲ್ಲಿ ನಿಂತು, ದಾಟುಗಲ್ಲುಗಳ ಸಂದಿಗೆಲ್ಲ ಸಿಮೆಂಟು ಮೆತ್ತಿ ಒಂದೇ ಕಟ್ಟೆ ಮಾಡಿದ್ದ. “ಇನ್ ಬೀಳಲ್ಲ ಬಿಡು ನೀನು” ಅಂದಿದ್ದ. ಮದುವೆಯಾದ ಮೂವತ್ತು ವರ್ಷದಲ್ಲಿ ಅಷ್ಟು ಮೆತ್ತಗೆ ಅವನು ಆಡಿದ ಮಾತು ಅದೊಂದೇ.

ಅವನ ಹೆಸರು ಸಮಿತಿಯವರ ಬಾಯಿಗೆ ಬೀಳಬಾರದು. ಫರ್ದೀನನ ಬಲೆಯೂ ಹೋಗಬಾರದು.

ಸಂಜೆ ಹೋಗಿ, ತಪ್ಪು ತಿಳಿದಿದ್ದೆ ಅಂತ ದೂರು ಹಿಂತೆಗೆದುಕೊಂಡರಾಯಿತು. ನಾಳೆಯಿಂದ ಹುಲ್ಲಿನ ಬುಟ್ಟಿಯಲ್ಲಿ ಬಚ್ಚಿಟ್ಟ ಗಿಡ್ಡ ಹಾರೆ. ಕಲ್ಲುಗಳು ಇದ್ದಲ್ಲೇ ಇರಲಿ. ದಿನಕ್ಕೊಂದು ಸಂದಿನ ಸಿಮೆಂಟು ಬಿಡಿಸಿದರೆ ಸಾಕು, ಮೀನು ಹತ್ತುತ್ತದೆ. ಮಳೆ ಕೊಚ್ಚಿತೆಂದು ಗಂಡ ತಿಳಿಯಲಿ. ಅವಳು ನೋಡಿಕೊಂಡು ಹೆಜ್ಜೆ ಇಡುತ್ತಾಳೆ.